ಬೂದಿಯೋ, ಬೂದಿರೋಗವೋ? ಅಲುಗದ ಕೈ ಮತ್ತು ನಂಬಬಹುದಾದ ಚಿತ್ರ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಮೇಜಿನ ಮೇಲೆ ಒಂದು ಛಾಯಾಚಿತ್ರವಿದೆ ಎಂದು ಭಾವಿಸಿಕೊಳ್ಳಿ. ಮೆಣಸಿನ ಗಿಡದ ಎಲೆಯೊಂದರ ಚಿತ್ರ ಅದು. ಎಲೆಯ ಮೇಲೆ ಬೂದು ಬಣ್ಣದ ಮಸುಕಾದ ಪದರವೊಂದು ಹರಡಿದೆ. ಚಿತ್ರ ತಂದವರ ಪ್ರಕಾರ ಅದು ಶಾಖೋತ್ಪನ್ನ ವಿದ್ಯುತ್ ಕೇಂದ್ರದಿಂದ ಬಂದ ಹಾರುಬೂದಿ. ಮೇಜಿನ ಆಚೆ ಕುಳಿತವರ ಪ್ರಕಾರ ಅದು ಬೂದಿರೋಗ, ಅಂದರೆ ಶಿಲೀಂಧ್ರದಿಂದ ಬರುವ ಸಾಮಾನ್ಯ ಬೆಳೆರೋಗ. ಮೂರನೆಯವರೊಬ್ಬರು, ಹುಳು ಬಾರದಿರಲೆಂದು ರೈತನೇ ಒಲೆಯ ಬೂದಿಯನ್ನು ಎರಚಿರಬಹುದಲ್ಲ ಎನ್ನುತ್ತಾರೆ. ಚಿತ್ರ ಸ್ಪಷ್ಟವಾಗಿದ್ದರೆ ಈ ವಾದ ಬೇಗನೆ ಒಂದು ದಡ ಸೇರುತ್ತಿತ್ತು. ಆದರೆ ಚಿತ್ರ ತೆಗೆಯುವ ಕ್ಷಣದಲ್ಲಿ ಕೈ ಅಲುಗಿದೆ. ಎಲೆಯ ನರಗಳು ಕಾಣುತ್ತಿಲ್ಲ, ಪದರದ ಅಂಚು ಎಲ್ಲಿ ಮುಗಿಯುತ್ತದೆಂದು ತಿಳಿಯುತ್ತಿಲ್ಲ. ಮೂವರ ಮಾತಿಗೂ ಆ ಚಿತ್ರ ತಲೆದೂಗುತ್ತದೆ. ಹೀಗೆ ಎಲ್ಲರ ಮಾತಿಗೂ ತಲೆದೂಗುವ ಸಾಕ್ಷಿಯಿಂದ ಲಾಭವಾಗುವುದು ದೂರು ಕೊಟ್ಟವನಿಗಲ್ಲ, ದೂರಿಗೆ ಗುರಿಯಾದವರಿಗೆ.

ಕೈಯಲ್ಲಿ ಹಿಡಿದು ತೆಗೆಯುವ ಚಿತ್ರಗಳು ಅಲುಗದಂತೆ ನೋಡಿಕೊಳ್ಳುವ ವಿಷಯ ಹವ್ಯಾಸಿಗಳ ಗೀಳೆಂದು ಅನೇಕರು ತಿಳಿದಿದ್ದಾರೆ. ಸ್ಪರ್ಧೆಗೆ ಚಿತ್ರ ಕಳುಹಿಸುವವರಿಗೆ ಅದು ಗೀಳೇ ಇರಬಹುದು. ನದಿ, ಕಾಡು, ಹೊಲಗಳಿಗೆ ಆಗುತ್ತಿರುವುದನ್ನು ದಾಖಲಿಸಲು ಹೊರಟವರಿಗೆ ಮಾತ್ರ ಅದು ನೇರವಾಗಿ ಸಾಕ್ಷ್ಯದ ಪ್ರಶ್ನೆ. ಆದುದರಿಂದ ಈ ಮಾತನ್ನು ಮಲೆನಾಡಿನ ಚೆಂದದ ಕಣಿವೆಯೊಂದರಿಂದ ಆರಂಭಿಸದೆ ಬಯಲುಸೀಮೆಯ ಶಕ್ತಿನಗರದಿಂದ ಆರಂಭಿಸುವುದು ಸೂಕ್ತ.

ರಾಯಚೂರಿನಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ದೇವಸೂಗೂರಿನ ಪಕ್ಕದಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ ವಿದ್ಯುತ್ ಕೇಂದ್ರದೊಡನೆಯೇ ಬೆಳೆದ ಊರು ಶಕ್ತಿನಗರ. ಅಲ್ಲಿನ ಮೊದಲ ಘಟಕ 1985ರಲ್ಲಿ ಕಾರ್ಯಾರಂಭ ಮಾಡಿತು, ಎಂಟನೆಯದು 2010ರಲ್ಲಿ. 210 ಮೆಗಾವ್ಯಾಟ್‌ನ ಏಳು ಮತ್ತು 250 ಮೆಗಾವ್ಯಾಟ್‌ನ ಒಂದು, ಒಟ್ಟು 1720 ಮೆಗಾವ್ಯಾಟ್ ಸಾಮರ್ಥ್ಯ. ಭಾರತದ ವಿದ್ಯುತ್ ಕೇಂದ್ರಗಳಲ್ಲಿ ಉರಿಸುವ ದೇಶೀ ಕಲ್ಲಿದ್ದಲಿನ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರಿಂದ 45 ಪಾಲು ಬೂದಿಯೇ. ಚಿಮಣಿಗೆ ಹೋಗುವ ಮೊದಲು ಧೂಳುಗ್ರಾಹಕ ಯಂತ್ರಗಳು ಅದರ ಬಹುಪಾಲನ್ನು ಹಿಡಿಯುತ್ತವೆ. ಹಿಡಿದದ್ದರಲ್ಲಿ ಒಂದಷ್ಟು ಸಿಮೆಂಟ್ ಮತ್ತು ಇಟ್ಟಿಗೆಗೆ ಹೋಗುತ್ತದೆ, ಉಳಿದದ್ದು ನೀರಿನೊಡನೆ ಕಲಸಿ ಬೂದಿಹೊಂಡಕ್ಕೆ ಸೇರುತ್ತದೆ. ಹೊಂಡದ ಮೇಲ್ಮೈ ಬೇಸಿಗೆಯಲ್ಲಿ ಒಣಗಿದರೆ ಗಾಳಿ ಅದನ್ನು ಎತ್ತಿಕೊಳ್ಳುತ್ತದೆ. ಸಾಗಿಸುವ ಲಾರಿಗಳಿಂದಲೂ ಉದುರುತ್ತದೆ. ಹಾರುಬೂದಿಯ ಬಳಕೆಯ ಬಗ್ಗೆ ಕೇಂದ್ರ ಸರ್ಕಾರ 1999ರ ಸೆಪ್ಟೆಂಬರ್‌ನಲ್ಲಿ ಮೊದಲ ಅಧಿಸೂಚನೆ ಹೊರಡಿಸಿತು. ಹಲವು ತಿದ್ದುಪಡಿಗಳ ಬಳಿಕ 2021ರ ಡಿಸೆಂಬರ್ 31ರಂದು ಹೊಸ ಅಧಿಸೂಚನೆಯನ್ನೇ ಹೊರಡಿಸಬೇಕಾಯಿತು. ಇದರಿಂದಲೇ ಸಮಸ್ಯೆ ಎಷ್ಟು ಹಟಮಾರಿಯೆಂದು ತಿಳಿಯುತ್ತದೆ.

ಮಲೆನಾಡಿನವರಿಗೆ ಶಕ್ತಿನಗರ ದೂರದ ಊರಲ್ಲ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ, ತುಂಗಭದ್ರಾ ಎಡದಂಡೆ ಕಾಲುವೆಯ ಮೂಲಕ ಮಾನ್ವಿಯ ಭತ್ತದ ಗದ್ದೆಗಳನ್ನು ಮುಟ್ಟುತ್ತವೆ. ಶಕ್ತಿನಗರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಮಲೆನಾಡಿನ ಮನೆಗಳ ದೀಪವನ್ನೂ ಉರಿಸುತ್ತದೆ. ನೀರು ಇಲ್ಲಿಂದ ಅಲ್ಲಿಗೆ ಹೋಗುತ್ತದೆ, ಬೆಳಕು ಅಲ್ಲಿಂದ ಇಲ್ಲಿಗೆ ಬರುತ್ತದೆ. ಬೂದಿ ಮಾತ್ರ ಅಲ್ಲಿಯೇ ಉಳಿಯುತ್ತದೆ.

ಈಗ ಶಿರಸಿಯ ಕಡೆಯ ವಿದ್ಯಾರ್ಥಿನಿಯೊಬ್ಬಳು ಕ್ಯಾಮರಾ ಹಿಡಿದು ಆ ಸೀಮೆಗೆ ಹೊರಟಿದ್ದಾಳೆಂದು ಊಹಿಸಿಕೊಳ್ಳಬಹುದು. ಆಕೆಯ ಬಳಿ ಟ್ರೈಪಾಡ್ ಇಲ್ಲ. ಇದ್ದರೂ ಬದುವಿನ ಮೇಲೆ, ಬಸ್ಸಿನಲ್ಲಿ, ಕಾವಲುಗಾರರ ದೃಷ್ಟಿಯ ನಡುವೆ ಅದನ್ನು ಬಿಚ್ಚಿ ನಿಲ್ಲಿಸುವುದು ಕಷ್ಟ. ಆಕೆಗೆ ಇರುವುದು ಎರಡು ಕೈ, ಒಂದು ಕ್ಯಾಮರಾ ಮತ್ತು ಒಂದು ಮೊಬೈಲ್ ಫೋನು.

ಆಕೆ ಮೊದಲು ತಿಳಿಯಬೇಕಾದುದು ಮಸುಕು ಎಂಬುದು ಒಂದೇ ಬಗೆಯದಲ್ಲ ಎಂಬ ಸಂಗತಿ. ಚಿತ್ರದಲ್ಲಿ ಎಲೆ ಮಸುಕಾಗಿ, ಅದರ ಹಿಂದಿನ ಕಾಂಡ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಹಿನ್ನೆಲೆಯ ಮನೆ ಸ್ಪಷ್ಟವಾಗಿದ್ದು ಗಾಳಿಗೆ ತೂಗುವ ರೆಂಬೆ ಮಾತ್ರ ಮಸುಕಾಗಿದ್ದರೆ ಚಲಿಸಿದ್ದು ವಸ್ತು, ಕ್ಯಾಮರಾ ಅಲ್ಲ. ಎಲ್ಲವೂ, ಹತ್ತಿರದ್ದೂ ದೂರದ್ದೂ, ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ, ಚುಕ್ಕೆಗಳು ಗೀರುಗಳಾಗಿದ್ದರೆ, ಆಗ ಅಲುಗಿದ್ದು ಕೈ. ರಾಯಚೂರಿನ ಕಡೆ ನಾಲ್ಕನೆಯ ಬಗೆಯೊಂದು ಸೇರಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ನೆಲದಿಂದ ಏಳುವ ಬಿಸಿಗಾಳಿ ದೂರದ ವಸ್ತುಗಳ ಅಂಚನ್ನು ನಡುಗಿಸುತ್ತದೆ. ಎರಡು ಕಿಲೋಮೀಟರ್ ಆಚೆಯ ಚಿಮಣಿ ನೀರಿನಲ್ಲಿ ಅದ್ದಿದ ಕೋಲಿನಂತೆ ಬಳುಕುತ್ತದೆ. ಅದಕ್ಕೆ ಗಟ್ಟಿ ಕೈ ಮದ್ದಲ್ಲ, ಮುಂಜಾನೆ ಮದ್ದು. ರೋಗ ಯಾವುದೆಂದು ತಿಳಿಯದೆ ಔಷಧಿ ಸಿಂಪಡಿಸುವುದು ಹೊಲದಲ್ಲಿ ಎಷ್ಟು ವ್ಯರ್ಥವೋ ಇಲ್ಲಿಯೂ ಅಷ್ಟೇ ವ್ಯರ್ಥ.

ಕೈ ಅಲುಗುವುದು ದೌರ್ಬಲ್ಯದಿಂದಲ್ಲ. ಆರೋಗ್ಯವಂತನ ಕೈಯೂ ಸೆಕೆಂಡಿಗೆ 8ರಿಂದ 12 ಬಾರಿ ಸೂಕ್ಷ್ಮವಾಗಿ ಕಂಪಿಸುತ್ತಲೇ ಇರುತ್ತದೆ. ಅದರ ಮೇಲೆ ಉಸಿರಾಟದ ಏರಿಳಿತ, ನಿಂತ ದೇಹದ ತೂಗಾಟ, ಗುಂಡಿ ಒತ್ತುವ ಬೆರಳಿನ ನೂಕು ಸೇರುತ್ತವೆ. ಷಟರ್ ತೆರೆದಿರುವ ಅವಧಿಯಲ್ಲಿ ಈ ಚಲನೆಯ ಎಷ್ಟು ಪಾಲು ಒಳಗೆ ಸೇರಿತು ಎಂಬುದೇ ಪ್ರಶ್ನೆ. ಸೆಕೆಂಡಿನ 1/500 ಭಾಗದಲ್ಲಿ ಕೈ ಹೆಚ್ಚು ದೂರ ಹೋಗಲಾರದು. 1/10ರಲ್ಲಿ ಒಂದು ಪೂರ್ಣ ಕಂಪನವೇ ದಾಖಲಾಗುತ್ತದೆ.

ಲೆನ್ಸ್ ದೂರವನ್ನು ಹತ್ತಿರಕ್ಕೆ ಎಳೆದಷ್ಟೂ ಅಲುಗಾಟವನ್ನೂ ಎಳೆಯುತ್ತದೆ. ಲೆಕ್ಕ ಸರಳ. ಕ್ಯಾಮರಾ ಒಂದು ಡಿಗ್ರಿಯ 60ನೆಯ ಒಂದು ಭಾಗದಷ್ಟು ತಿರುಗಿತೆಂದಿಟ್ಟುಕೊಂಡರೆ, 50 ಮಿಲಿಮೀಟರ್ ಸಂಗಮ ದೂರದ ಲೆನ್ಸಿನಲ್ಲಿ ಬಿಂಬವು ಸುಮಾರು 0.015 ಮಿಲಿಮೀಟರ್ ಸರಿಯುತ್ತದೆ. 300 ಮಿಲಿಮೀಟರ್ ಲೆನ್ಸಿನಲ್ಲಿ ಸುಮಾರು 0.087 ಮಿಲಿಮೀಟರ್. ಸಂವೇದಕದ ಒಂದು ಪಿಕ್ಸೆಲ್ 0.005 ಮಿಲಿಮೀಟರ್ ಎಂದರೆ, ಮೊದಲನೆಯದರಲ್ಲಿ ಮೂರು ಪಿಕ್ಸೆಲ್‌ನಷ್ಟು, ಎರಡನೆಯದರಲ್ಲಿ ಹದಿನೇಳು ಪಿಕ್ಸೆಲ್‌ನಷ್ಟು ಗೀರು. ಚಿಮಣಿಯ ಬಾಯಿಂದ ಹೊರಟ ಹೊಗೆಯ ಬಣ್ಣ ಬಿಳಿಯೋ ಕಂದೋ ಎಂಬುದು ಆ ಗೀರಿನಲ್ಲಿ ಕಲಸಿಹೋಗುತ್ತದೆ. ಬಿಳಿಯದು ಬಹುಪಾಲು ನೀರಾವಿಯಾಗಿರಬಹುದು, ಕಂದು ಅಥವಾ ಕಪ್ಪು ಬೇರೆ ಕಥೆ ಹೇಳುತ್ತದೆ.

ಇದರಿಂದಲೇ ಛಾಯಾಗ್ರಾಹಕರ ಹಳೆಯ ಸೂತ್ರ ಬಂದಿದೆ: ಷಟರ್ ವೇಗದ ಕೆಳಗಿನ ಅಂಕಿ ಲೆನ್ಸಿನ ಸಂಗಮ ದೂರದ ಅಂಕಿಗಿಂತ ಕಡಿಮೆಯಿರಬಾರದು. 50 ಮಿಲಿಮೀಟರಿಗೆ 1/50ಕ್ಕಿಂತ, 200ಕ್ಕೆ 1/200ಕ್ಕಿಂತ ನಿಧಾನವಾಗಕೂಡದು. ಈ ಸೂತ್ರ 35 ಮಿಲಿಮೀಟರ್ ಫಿಲ್ಮಿನ ಕಾಲದ್ದು. ಇಂದಿನ ಅನೇಕ ಡಿಜಿಟಲ್ ಕ್ಯಾಮರಾಗಳ ಸಂವೇದಕ ಚಿಕ್ಕದಿರುವುದರಿಂದ ಸಂಗಮ ದೂರವನ್ನು ಒಂದೂವರೆಯಿಂದ ಗುಣಿಸಿಕೊಳ್ಳಬೇಕು, 200ಕ್ಕೆ 1/300. ಸಾಕ್ಷ್ಯಕ್ಕಾಗಿ ತೆಗೆಯುವಾಗ ಅದನ್ನೂ ಇಮ್ಮಡಿಗೊಳಿಸುವುದು ವಿವೇಕ. ಸೂತ್ರ ಹೇಳುವುದು ಪರವಾಗಿಲ್ಲ ಎನ್ನಬಹುದಾದ ಚಿತ್ರದ ಮಿತಿಯನ್ನು, ವಾದದಲ್ಲಿ ನಿಲ್ಲುವ ಚಿತ್ರದ ಮಿತಿಯನ್ನಲ್ಲ.

ವೇಗ ಹೆಚ್ಚಿಸಿದರೆ ಬೆಳಕು ಕಡಿಮೆಯಾಗುತ್ತದೆ. ಬಯಲುಸೀಮೆಯ ಬಿಸಿಲಿನಲ್ಲಿ ಇದು ಚಿಂತೆಯೇ ಅಲ್ಲ: ಐಎಸ್‌ಒ 100, ಎಫ್ 8 ಇಟ್ಟರೂ 1/400 ದೊರೆಯುತ್ತದೆ. ಸಂಜೆಯಾದಾಗ ತೊಡಕು. ಆಗ ಐಎಸ್‌ಒ ಅಂಕಿಯನ್ನು ಏರಿಸಲು ಹೆದರಬಾರದು. 400ರಲ್ಲಿ 1/15 ಬರುತ್ತಿದ್ದರೆ 1600ಕ್ಕೆ ಏರಿಸಿದಾಗ 1/60 ಬರುತ್ತದೆ. ಚಿತ್ರದಲ್ಲಿ ರವೆ ಚೆಲ್ಲಿದಂತಹ ಒರಟುತನ ಕಾಣಿಸಿಕೊಳ್ಳುತ್ತದೆ, ನಿಜ. ಒರಟು ಚಿತ್ರದಲ್ಲಿ ಲಾರಿಯ ಸಂಖ್ಯಾಫಲಕವನ್ನು ಓದಬಹುದು. ನಯವಾಗಿದ್ದೂ ಅಲುಗಿದ ಚಿತ್ರದಲ್ಲಿ ಓದಲಾಗುವುದಿಲ್ಲ.

ಇಷ್ಟಾದ ಮೇಲೆ ದೇಹ. ಅಡಿಕೆ ಮರದ ತುದಿಯಲ್ಲಿ ಕೊನೆಗೌಡನು ಮೊದಲು ಕಾಲುಗಳನ್ನು ಭದ್ರಪಡಿಸಿಕೊಂಡು ಅನಂತರವೇ ಕತ್ತಿಗೆ ಕೈ ಹಾಕುವುದನ್ನು ಮಲೆನಾಡಿನ ಮಕ್ಕಳೆಲ್ಲ ಕಂಡಿದ್ದಾರೆ. ಕ್ಯಾಮರಾಕ್ಕೂ ಅದೇ ಕ್ರಮ. ಪಾದಗಳು ಭುಜದಷ್ಟು ಅಗಲಕ್ಕೆ, ಒಂದು ತುಸು ಮುಂದೆ. ಎಡಗೈಯ ಅಂಗೈ ಲೆನ್ಸಿನ ಅಡಿಯಲ್ಲಿ, ತಟ್ಟೆ ಹೊತ್ತಂತೆ. ಬದಿಯಿಂದ ಬೆರಳುಗಳಲ್ಲಿ ಹಿಡಿದರೆ ಭಾರವೆಲ್ಲ ಮಣಿಕಟ್ಟಿಗೆ ಬರುತ್ತದೆ. ಎರಡೂ ಮೊಣಕೈಗಳು ಪಕ್ಕೆಲುಬಿಗೆ ಒತ್ತಿರಬೇಕು. ಹಕ್ಕಿಯ ರೆಕ್ಕೆಯಂತೆ ಮೊಣಕೈಗಳನ್ನು ಹರಡಿ ನಿಲ್ಲುವುದು ಮದುವೆಮನೆಗಳಲ್ಲಿ ದಿನವೂ ಕಾಣುವ ತಪ್ಪು. ಕಣ್ಣಿಟ್ಟು ನೋಡುವ ಕಿಂಡಿಯಿರುವ ಕ್ಯಾಮರಾವಾದರೆ ಅದನ್ನು ಹುಬ್ಬಿಗೆ ಒತ್ತಿ ಹಿಡಿದಾಗ ತಲೆಯೇ ಮೂರನೆಯ ಆಸರೆಯಾಗುತ್ತದೆ. ಕೊರಳಪಟ್ಟಿಯನ್ನು ಮೊಣಕೈಗೆ ಒಂದು ಸುತ್ತು ಸುತ್ತಿ ಬಿಗಿ ಮಾಡಿಕೊಂಡರೆ ಇನ್ನೂ ಒಳಿತು.

ಉಸಿರನ್ನು ಪೂರ್ತಿ ಎಳೆದು ಬಿಗಿಹಿಡಿಯುವುದು ಬಹುಜನರ ಅಭ್ಯಾಸ. ಆಗ ಎದೆ ಬಿಗಿದು, ನಾಡಿಯ ಬಡಿತ ಕೈಗೆ ಇನ್ನಷ್ಟು ತಟ್ಟುತ್ತದೆ. ಸಹಜವಾಗಿ ಉಸಿರಾಡಿ, ಅರ್ಧ ಹೊರಬಿಟ್ಟ ಮೇಲೆ ಬರುವ ಕಿರು ವಿರಾಮದಲ್ಲಿ ಗುಂಡಿಯನ್ನು ಒತ್ತಬೇಕು. ಒತ್ತುವುದೆಂದರೆ ಕುಟ್ಟುವುದಲ್ಲ. ಬೆರಳನ್ನು ಗುಂಡಿಯ ಮೇಲೆ ಮೊದಲೇ ಇರಿಸಿ, ಅರ್ಧ ಒತ್ತಿ ಫೋಕಸ್ ಆಗಲು ಬಿಟ್ಟು, ಮಾಗಿದ ಹಣ್ಣಿನ ಹದ ನೋಡುವ ಹಾಗೆ ನಿಧಾನವಾಗಿ ಉಳಿದರ್ಧವನ್ನು ಒತ್ತಬೇಕು. ಚಿತ್ರ ದಾಖಲಾದ ಬಳಿಕವೂ ಒಂದು ಕ್ಷಣ ಬೆರಳನ್ನು ಎತ್ತಬಾರದು. ಒಂದರ ಹಿಂದೊಂದು ಮೂರು ಚಿತ್ರಗಳನ್ನು ತೆಗೆದರೆ, ಮೊದಲನೆಯದಕ್ಕೆ ಬೆರಳು ಇಳಿಯುವ ನೂಕು, ಕೊನೆಯದಕ್ಕೆ ಬೆರಳು ಏಳುವ ನೂಕು ತಾಗಿರುತ್ತದೆ. ನಡುವಿನದು ಸಾಮಾನ್ಯವಾಗಿ ನೆಟ್ಟಗಿರುತ್ತದೆ.

ಕುಳಿತು ತೆಗೆಯುವಾಗ ಮೊಣಕೈಯ ಮೂಳೆಯನ್ನು ಮಂಡಿಚಿಪ್ಪಿನ ಮೇಲೆ ಊರಬಾರದು. ಮೂಳೆಯ ಮೇಲೆ ಮೂಳೆ ಜಾರುತ್ತದೆ. ಮಂಡಿಯ ಒಳಬದಿಯ ಮಾಂಸಲ ಭಾಗಕ್ಕೆ ತೋಳನ್ನು ಒರಗಿಸಬೇಕು. ಗೋಡೆ, ಮರ, ಮೈಲಿಗಲ್ಲು, ಎತ್ತಿನ ಗಾಡಿಯ ಚಕ್ರ ಯಾವುದಿದ್ದರೂ ಒರಗಬಹುದು.

ಜೇಬಿನಲ್ಲಿ ಒಯ್ಯಬಹುದಾದ ಎರಡು ಉಪಕರಣಗಳಿವೆ, ಎರಡಕ್ಕೂ ಖರ್ಚು ಅತ್ಯಲ್ಪ. ಒಂದು, ಹುರಿಯ ಟ್ರೈಪಾಡ್. ಕ್ಯಾಮರಾದ ತಳದ ತೂತಿಗೆ ಹೊಂದುವ ಕಾಲಂಗುಲದ ಗಿಡ್ಡ ಬೋಲ್ಟಿಗೆ ಗಟ್ಟಿ ಹುರಿಯೊಂದನ್ನು ಕಟ್ಟಿ, ಇನ್ನೊಂದು ತುದಿಯನ್ನು ಪಾದದಡಿ ತುಳಿದು, ಕ್ಯಾಮರಾವನ್ನು ಮೇಲಕ್ಕೆ ಎಳೆದು ಹಿಡಿಯಬೇಕು. ಬಿಗಿದ ಹುರಿ ಮೇಲೆ ಕೆಳಗಿನ ಅಲುಗಾಟವನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಬೋಲ್ಟ್ ಸರಾಗವಾಗಿ ತಿರುಗದಿದ್ದರೆ ಬಲವಂತ ಮಾಡಕೂಡದು, ಕ್ಯಾಮರಾದ ಎಳೆ ಹಾಳಾಗುತ್ತದೆ. ಇನ್ನೊಂದು, ಕಾಳಿನ ಚೀಲ. ಹಳೆಯ ಪ್ಯಾಂಟಿನ ಕಾಲನ್ನು ಗೇಣುದ್ದ ಕತ್ತರಿಸಿ, ಒಂದು ಬದಿ ಹೊಲಿದು, ಖಾಲಿಯಾಗಿಯೇ ಒಯ್ದು, ತಲುಪಿದ ಊರಿನಲ್ಲಿ ಒಂದು ಕಿಲೋ ಕಾಳು ತುಂಬಿ ಬಾಯಿ ಕಟ್ಟಬೇಕು. ರಾಯಚೂರಿನಲ್ಲಿ ಜೋಳಕ್ಕೆ ಕೊರತೆಯಿಲ್ಲ. ದುಂಡನೆಯ ಜೋಳ ಲೆನ್ಸಿನ ಆಕಾರಕ್ಕೆ ತಗ್ಗಾಗಿ ಕೂರುತ್ತದೆ. ರಾಗಿ ತುಂಬಿದರೆ ಹೆಚ್ಚು ಜಾರುತ್ತದೆ, ಭತ್ತ ತೀರ ಹಗುರ. ಕೆಲಸ ಮುಗಿದ ಮೇಲೆ ಜೋಳ ರೊಟ್ಟಿಗೂ ಆಗುತ್ತದೆಂಬುದು ಪೇಟೆಯಲ್ಲಿ ಮಾರುವ ಸಾಧನಗಳಿಗಿಲ್ಲದ ಗುಣ!

ಒರಗುವ ಜಾಗದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಶಕ್ತಿನಗರದ ಬಳಿಯ ಕೃಷ್ಣಾ ಸೇತುವೆಯ ಕಡೆಯಿಂದ ನದಿಯನ್ನೂ ಕೇಂದ್ರವನ್ನೂ ನೋಡುವ ಯಾರಿಗಾದರೂ ಕಟಕಟೆಯ ಮೇಲೆ ಮೊಣಕೈ ಊರಬೇಕೆನಿಸುತ್ತದೆ. ಭಾರದ ಲಾರಿಯೊಂದು ಹಾದರೆ ಯಾವ ಸೇತುವೆಯಾದರೂ ಕಂಪಿಸುತ್ತದೆ, ಆ ಕಂಪನ ಕಟಕಟೆಯಿಂದ ಮೊಣಕೈಗೆ, ಮೊಣಕೈಯಿಂದ ಲೆನ್ಸಿಗೆ ಬರುತ್ತದೆ. ಅಲ್ಲಿ ಒರಗದೆ ನಿಲ್ಲುವುದೇ ಮೇಲು, ಅಥವಾ ವಾಹನಗಳ ನಡುವಿನ ಬಿಡುವಿಗೆ ಕಾಯಬೇಕು. ಬಸ್ಸಿನ ಕಿಟಕಿಯ ಸರಳಿಗೂ ಇದೇ ಮಾತು. ಚಲಿಸುವ ಬಸ್ಸಿನಲ್ಲಿ ಸೀಟಿನ ಬೆನ್ನನ್ನೂ ಬಿಟ್ಟು, ಮೈಯನ್ನು ತುಸು ಸಡಿಲವಾಗಿರಿಸಿ, ಆಘಾತವನ್ನು ಸೊಂಟವೇ ನುಂಗುವಂತೆ ಕೂರಬೇಕು; ವೇಗ 1/1000ಕ್ಕೆ ಏರಿಸಬೇಕು. ವಿದ್ಯುತ್ ಕೇಂದ್ರದ ಆವರಣದೊಳಗೆ ಅನುಮತಿಯಿಲ್ಲದೆ ಚಿತ್ರ ತೆಗೆಯುವ ಸಾಹಸಕ್ಕೆ ಹೋಗಬಾರದು ಎಂಬುದನ್ನು ಇಲ್ಲಿಯೇ ಹೇಳಬೇಕು. ಹೊಲ, ರಸ್ತೆ, ದಂಡೆಗಳಲ್ಲಿ ಕಾಣುವುದೇ ಸಾಕಷ್ಟಿದೆ. ಕದ್ದು ತೆಗೆಯುವವನ ಕೈ ಹೇಗೂ ನಡುಗುತ್ತದೆ.

ನಡುಗಿದ ಕೈಗೂ ಚರಿತ್ರೆಯಲ್ಲಿ ಒಂದು ಗೌರವದ ಸ್ಥಾನ ದೊರೆತದ್ದುಂಟು. 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಸೈನಿಕರೊಡನೆ ಇಳಿದ ರಾಬರ್ಟ್ ಕಾಪಾ ತೆಗೆದ ಚಿತ್ರಗಳು ಮಸುಕಾಗಿಯೇ ಪ್ರಕಟವಾದವು. ಆ ಕ್ಷಣದ ಉದ್ವೇಗದಲ್ಲಿ ಕ್ಯಾಮರಾ ಅಲುಗಿತೆಂದು ಲೈಫ್ ಪತ್ರಿಕೆಯೇ ಅಡಿಬರಹ ಕೊಟ್ಟಿತು. ಆ ಚಿತ್ರಗಳಲ್ಲಿ ಮಸುಕೇ ಭಯದ ಭಾಷೆಯಾಯಿತು. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯ ಪಾದರಸದಿಂದ ನರಳಿದವರನ್ನು 1971ರಿಂದ 1973ರವರೆಗೆ ಅಲ್ಲಿಯೇ ನೆಲೆಸಿ ದಾಖಲಿಸಿದ ಯೂಜಿನ್ ಸ್ಮಿತ್ ಅವರ ಕೆಲಸ ಬೇರೆಯದು. ತಿರುಚಿದ ಬೆರಳುಗಳು ಅಲ್ಲಿ ತಿರುಚಿದ ಬೆರಳುಗಳಾಗಿಯೇ ಕಾಣಬೇಕಿತ್ತು, ಕಂಡವು. ಯುದ್ಧ ನಡೆದಿದೆಯೇ ಎಂದು ಕಾಪಾನನ್ನು ಯಾರೂ ಕೇಳಲಿಲ್ಲ. ಮಾಲಿನ್ಯ ನಡೆದಿದೆಯೇ ಎಂದು ಕೇಳುವವರು ಮಾತ್ರ ಯಾವಾಗಲೂ ಇರುತ್ತಾರೆ. ಹೊಲದ ಎಲೆಯ ಚಿತ್ರ ಎರಡನೆಯ ಗುಂಪಿಗೆ ಸೇರಿದುದು.

ಆದುದರಿಂದ ಆ ಎಲೆಗೆ ಮರಳಬೇಕು. ಮೆಣಸಿನಕಾಯಿಯ ಬೂದಿರೋಗ ಎಲೆಯ ಕೆಳಭಾಗದಲ್ಲಿ ಬಿಳಿ ಪುಡಿಯಾಗಿ ಕಾಣುತ್ತದೆ. ಮೇಲ್ಭಾಗದಲ್ಲಿ ಹಳದಿ ಮಚ್ಚೆಗಳು ಮೂಡುತ್ತವೆ. ಹತ್ತಿಯಲ್ಲಿಯೂ ಎಲೆಯ ಕೆಳಗೆ, ನರಗಳ ನಡುವೆ, ಕೋನಾಕಾರದ ಬಿಳಿ ಮಚ್ಚೆಗಳನ್ನುಂಟುಮಾಡುವ ಶಿಲೀಂಧ್ರವೊಂದಿದೆ. ಹೆಸರು, ಸೌತೆಗಳಲ್ಲಿ ಪುಡಿ ಮೇಲ್ಭಾಗದಲ್ಲಿಯೂ ಬರುತ್ತದೆ. ಆದರೆ ಅದು ದುಂಡು ಮಚ್ಚೆಗಳಾಗಿ ಆರಂಭವಾಗಿ ಒಂದರೊಳಗೊಂದು ಬೆರೆಯುತ್ತದೆ. ಗಾಳಿಯಲ್ಲಿ ಬಂದ ಬೂದಿ ಹೀಗೆ ಬೆಳೆಯುವುದಿಲ್ಲ. ಅದು ಮೇಲ್ಭಾಗದಲ್ಲಿ ಕೂರುತ್ತದೆ, ನಡುನರದ ತಗ್ಗಿನಲ್ಲಿ ಹೆಚ್ಚು ಸೇರುತ್ತದೆ, ಒಂದು ಎಲೆ ಇನ್ನೊಂದನ್ನು ಮುಚ್ಚಿದ್ದ ಜಾಗವನ್ನು ಖಾಲಿ ಬಿಡುತ್ತದೆ, ಪಕ್ಕದ ಕಳೆಗಿಡದ ಮೇಲೂ ಬದುವಿನ ಕಲ್ಲಿನ ಮೇಲೂ ಅಷ್ಟೇ ಇರುತ್ತದೆ. ಬೂದಿರೋಗ ಕಲ್ಲಿಗೆ ಬರುವುದಿಲ್ಲ. ರೈತ ಕೈಯಾರೆ ಎರಚಿದ ಒಲೆಯ ಬೂದಿಯಾದರೆ ಗಿಡದ ಸುಳಿಯಲ್ಲಿ ಗುಪ್ಪೆಯಾಗಿ, ಇದ್ದಿಲಿನ ಚೂರುಗಳೊಡನೆ ಇರುತ್ತದೆ. ಈ ವ್ಯತ್ಯಾಸಗಳೆಲ್ಲ ಮಿಲಿಮೀಟರ್ ಅಳತೆಯವು. ಅಲುಗಿದ ಚಿತ್ರದಲ್ಲಿ ಮೊದಲು ಸಾಯುವುದು ಇಂತಹ ವಿವರಗಳೇ.

ಇಷ್ಟು ಸಮೀಪಕ್ಕೆ ಹೋದಾಗ ಸಂಗಮ ದೂರದ ಹಳೆಯ ಸೂತ್ರ ಕೈಕೊಡುತ್ತದೆ. ದೂರದ ವಸ್ತುವಿನಲ್ಲಿ ಕ್ಯಾಮರಾ ಓರೆಯಾಗುವುದು ಮಾತ್ರ ಲೆಕ್ಕಕ್ಕೆ ಬರುತ್ತದೆ, ಪಕ್ಕಕ್ಕೆ ಸರಿಯುವುದು ಬರುವುದಿಲ್ಲ. ಎಲೆಯನ್ನು ಅದರ ನಿಜ ಗಾತ್ರದಲ್ಲಿ ಸಂವೇದಕದ ಮೇಲೆ ಮೂಡಿಸುವಾಗ ಕೈ 0.1 ಮಿಲಿಮೀಟರ್ ಸರಿದರೂ ಬಿಂಬ 20 ಪಿಕ್ಸೆಲ್ ಸರಿಯುತ್ತದೆ. ಮುಂದಕ್ಕೆ ಹಿಂದಕ್ಕೆ ತೂಗಿದರೆ ಫೋಕಸ್ಸೇ ತಪ್ಪುತ್ತದೆ. ಅದರೊಡನೆ ಗಾಳಿ. ಆದುದರಿಂದ ನೆಲದ ಮೇಲೆ ಕುಳಿತು, ಜೋಳದ ಚೀಲದ ಮೇಲೆ ಲೆನ್ಸನ್ನಿಟ್ಟು, 1/500ಕ್ಕಿಂತ ಕಡಿಮೆಯಾಗದ ವೇಗದಲ್ಲಿ ತೆಗೆಯುವುದು ಒಳ್ಳೆಯದು. ಹೊಲದೊಡೆಯನೇ ಗಾಳಿಗೆ ಅಡ್ಡವಾಗಿ ಟವೆಲ್ ಹಿಡಿದು ನಿಂತು "ಯವ್ವಾ, ಸ್ವಲ್ಪ ತಡಿ, ಗಾಳಿ ನಿಲ್ಲಲಿ" ಎಂದಾನು. ಆ ಮಾತನ್ನು ಕೇಳಬೇಕು. ಗಾಳಿ ಯಾವಾಗ ನಿಲ್ಲುತ್ತದೆಂಬುದು ಕ್ಯಾಮರಾ ಹಿಡಿದವರಿಗಿಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಒಂದು ಎಲೆಗೆ ನಾಲ್ಕು ಚಿತ್ರಗಳಾದರೂ ಬೇಕು. ಮುಟ್ಟದೆ ತೆಗೆದ ಮೇಲ್ಭಾಗ, ಅದರ ಕೆಳಭಾಗ, ಬೆರಳಿನಿಂದ ಅರ್ಧ ಎಲೆಯನ್ನು ಒರೆಸಿದ ಬಳಿಕ ಅದೇ ಮೇಲ್ಭಾಗ, ಮತ್ತು ಒರೆಸಿದ ಬೆರಳು. ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ ಅಥವಾ ಸ್ಕೇಲು. ಆಮೇಲೆ ಹೋಲಿಕೆ. ಕೇಂದ್ರದಿಂದ ದೂರವಿರುವ ಮಾನ್ವಿ ಅಥವಾ ದೇವದುರ್ಗದ ಹೊಲವೊಂದರಲ್ಲಿ ಅದೇ ಬೆಳೆಯ ಅದೇ ವಯಸ್ಸಿನ ಎಲೆಯನ್ನು ಅದೇ ಕ್ಯಾಮರಾದಿಂದ, ಅದೇ ಹೊತ್ತಿನಲ್ಲಿ, ಅದೇ ಷಟರ್ ವೇಗದಲ್ಲಿ ತೆಗೆಯಬೇಕು. ಇಲ್ಲಿಯೇ ಅಲುಗದ ಕೈಯ ಮಹತ್ವ ತಿಳಿಯುವುದು. ಶಕ್ತಿನಗರದ ಎಲೆ ಮಸುಕಾಗಿ, ಮಾನ್ವಿಯ ಎಲೆ ಸ್ಪಷ್ಟವಾಗಿ ಬಂದರೆ ಕಾಣುವ ವ್ಯತ್ಯಾಸ ಎಲೆಗಳದ್ದೋ ಕೈಯದ್ದೋ ಎಂದು ಹೇಳಲಾಗದು. ಪ್ರಯೋಗದ ತಾಕಿಗೆ ಗೊಬ್ಬರ ಹೆಚ್ಚು ಹಾಕಿ, ಹೋಲಿಕೆಯ ತಾಕಿಗೆ ನೀರು ಕಡಿಮೆ ಬಿಟ್ಟಂತೆ ಅದು. ಮಾನ್ವಿಯ ಎಲೆಯ ಮೇಲೂ ಧೂಳು ಕಂಡುಬಂದರೆ ಆ ಚಿತ್ರವನ್ನು ಅಡಗಿಸಬಾರದು. ರಸ್ತೆಯ ಧೂಳು ಎಲ್ಲೆಡೆ ಇದೆ. ಎಲೆಯ ಮೇಲಿನ ಪುಡಿ ಎಲ್ಲಿಂದ ಬಂತೆಂದು ಚಿತ್ರವೊಂದೇ ಸಾಧಿಸಲಾರದು, ಅದಕ್ಕೆ ಪ್ರಯೋಗಾಲಯವೇ ಬೇಕು. ಹಾರುಬೂದಿಯ ಕಣಗಳು ಬಹುಪಾಲು ಗಾಜಿನ ಸೂಕ್ಷ್ಮ ಗೋಲಿಗಳಂತೆ ದುಂಡಗಿದ್ದು, ಸೂಕ್ಷ್ಮದರ್ಶಕದಲ್ಲಿ ಮಣ್ಣಿನ ಧೂಳಿಗಿಂತ ಭಿನ್ನವಾಗಿ ಕಾಣುತ್ತವೆ. ಸ್ಪಷ್ಟ ಚಿತ್ರವು ಮಾಡುವ ಕೆಲಸವೆಂದರೆ ಆ ಮಾದರಿಯನ್ನು ಪರೀಕ್ಷೆಗೆ ತೆಗೆದುಕೊಳ್ಳುವಂತೆ ಮಾಡುವುದು. ಆ ಬಾಗಿಲು ತೆರೆಯುವುದೇ ದೊಡ್ಡ ಮಾತು.

ಮೊಬೈಲ್ ಫೋನಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರ ಲೆನ್ಸು ವಿಶಾಲ ನೋಟದ್ದಾದುದರಿಂದ ಹಗಲಿನಲ್ಲಿ ಅಲುಗಾಟ ಕಡಿಮೆ. ಒಂದೇ ಕೈಯಲ್ಲಿ ಚಾಚಿ ಹಿಡಿದು ಪರದೆಯನ್ನು ಕುಟ್ಟುವುದನ್ನು ಬಿಟ್ಟು, ಎರಡೂ ಕೈಗಳಲ್ಲಿ ಹಿಡಿದು, ಧ್ವನಿ ಏರಿಸುವ ಗುಂಡಿಯಿಂದ ಅಥವಾ ಎರಡು ಸೆಕೆಂಡಿನ ಟೈಮರ್‌ನಿಂದ ತೆಗೆದರೆ ಸಾಕು. ಬೆರಳುಗಳಿಂದ ಪರದೆಯನ್ನು ಹಿಗ್ಗಿಸಿ ದೂರದ ಚಿಮಣಿಯನ್ನು ದೊಡ್ಡದು ಮಾಡಿದರೆ ಅಲುಗಾಟವೂ ಹಿಗ್ಗುತ್ತದೆ. ಕಾಲು ನಡೆದಷ್ಟು ಹತ್ತಿರ ಹೋಗುವುದೇ ಲೇಸು. ರಾತ್ರಿಯ ಚಿತ್ರಗಳಲ್ಲಿ ಫೋನು ಹಲವು ಚಿತ್ರಗಳನ್ನು ಕೂಡಿಸಿ ಒಂದು ಮಾಡುತ್ತದೆ; ಅದು ಮುಗಿಯುವವರೆಗೆ ಕೈ ಇಳಿಸಬಾರದು.

ಕಂಪನ ನಿವಾರಕ ವ್ಯವಸ್ಥೆಯಿರುವ ಲೆನ್ಸು ಕೊಂಡರೆ ಇವೆಲ್ಲ ಬೇಕೇ ಎಂದು ಕೇಳುವವರುಂಟು. 1994ರಲ್ಲಿ ನಿಕಾನ್ ಒಂದು ಚಿಕ್ಕ ಕ್ಯಾಮರಾದಲ್ಲಿ, 1995ರಲ್ಲಿ ಕ್ಯಾನನ್ ಬದಲಾಯಿಸಬಹುದಾದ ಲೆನ್ಸೊಂದರಲ್ಲಿ ಅದನ್ನು ತಂದ ಮೇಲೆ ಈಗ ಫೋನುಗಳಲ್ಲಿಯೂ ಬಂದಿದೆ. ಉಪಕಾರಿಯೇ ಸರಿ. ಅದು ಕೈಯ ಓರೆಯಾಟವನ್ನು ತಿದ್ದುತ್ತದೆ. ಗಾಳಿಗೆ ತೂಗುವ ಎಲೆಯನ್ನಾಗಲಿ ಓಡುವ ಲಾರಿಯನ್ನಾಗಲಿ ನಿಲ್ಲಿಸದು. ಎಲೆಯ ಸಮೀಪದ ಚಿತ್ರಗಳಲ್ಲಿ ಅದರ ಉಪಯೋಗ ಬಹಳ ಕಡಿಮೆಯಾಗುತ್ತದೆ.

ಮಲೆನಾಡಿಗೆ ಮರಳಿದರೆ ಕಷ್ಟ ಬೇರೆ ಬಗೆಯದು. ಬಯಲಿನಲ್ಲಿ ಬೆಳಕು ಹೆಚ್ಚಾಗಿ ಬಿಸಿಗಾಳಿ ಕಾಡಿದರೆ, ದಟ್ಟ ಕಾಡಿನ ನೆಲಕ್ಕೆ ಬೀಳುವುದು ಆಕಾಶದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಮಳೆಗಾಲದ ಮೋಡವಿದ್ದರೆ 1/8 ಸೆಕೆಂಡು ಸಿಕ್ಕರೂ ದೊಡ್ಡದು. ಕಡಿದ ಮರದ ಬುಡ, ಗಣಿಯ ಕೆಸರು ಸೇರಿದ ಹಳ್ಳದ ನೀರು, ಜಲ್ಲಿ ಕ್ರಷರಿನ ಧೂಳು ಕುಳಿತ ಅಡಿಕೆ ಸೋಗೆ, ಇವೆಲ್ಲ ದಾಖಲಾಗಬೇಕಾದುದು ಆ ಮಬ್ಬಿನಲ್ಲಿಯೇ. ಅಲ್ಲಿ ಬರಿಗೈಯನ್ನು ನಂಬಲಾಗದು. ಮರದ ಕಾಂಡಕ್ಕೆ ಕ್ಯಾಮರಾವನ್ನೇ ಒತ್ತಿಹಿಡಿದು ಅಥವಾ ಚೀಲದ ಮೇಲಿಟ್ಟು ಟೈಮರ್‌ನಿಂದ ತೆಗೆಯಬೇಕು. ಕಾಲಿಗೆ ಇಂಬಳ ಹತ್ತಿದ್ದು ಗೊತ್ತಾದರೂ ಆ ಎರಡು ಸೆಕೆಂಡು ಅಲುಗಬಾರದು. ಇದು ಹೇಳುವಷ್ಟು ಸುಲಭವಲ್ಲ.

ಕೊನೆಯದಾಗಿ, ಜಾಗ ಬಿಡುವ ಮೊದಲು ಮಾಡಬೇಕಾದ ಕೆಲಸ. ಕ್ಯಾಮರಾದ ಹಿಂದಿನ ಚಿಕ್ಕ ಪರದೆಯಲ್ಲಿ ಪ್ರತಿಯೊಂದು ಚಿತ್ರವೂ ಸ್ಪಷ್ಟವಾಗಿಯೇ ಕಾಣುತ್ತದೆ. ಅದನ್ನು ನಂಬಿ ಮೋಸಹೋದವರು ಬಹಳ. ಚಿತ್ರವನ್ನು ಪೂರ್ತಿ ಹಿಗ್ಗಿಸಿ, ಎಲೆಯ ನರವೋ ಫಲಕದ ಅಕ್ಷರವೋ ಬಿಡಿಬಿಡಿಯಾಗಿ ಕಾಣುತ್ತದೆಯೇ ಎಂದು ನೋಡಬೇಕು. ಸಂಜೆಯಾಗಿದ್ದರೆ ವಿದ್ಯುತ್ ಕೇಂದ್ರದ ದೀಪಗಳೇ ಪರೀಕ್ಷಕರು. ಅವು ಚುಕ್ಕೆಗಳಾಗಿದ್ದರೆ ಕೈ ನೆಟ್ಟಗಿತ್ತು, ಅಲ್ಪವಿರಾಮದಂತೆ ಬಾಲ ಬಂದಿದ್ದರೆ ಇನ್ನೊಮ್ಮೆ ತೆಗೆಯಬೇಕು. ಶಿರಸಿಗೆ ಹಿಂದಿರುಗಿದ ಮೇಲೆ ತಪ್ಪು ಕಂಡರೆ ಮತ್ತೆ ಬರಲು ಒಂದು ಹಗಲಿನ ಪ್ರಯಾಣ, ಅಷ್ಟರಲ್ಲಿ ಒಂದು ಮಳೆ ಬಿದ್ದರೆ ಎಲೆಯ ಮೇಲೆ ಏನೂ ಉಳಿದಿರುವುದಿಲ್ಲ.

ಮೂಲ ಕಡತವನ್ನು ಹಾಗೆಯೇ ಉಳಿಸಿಕೊಳ್ಳಬೇಕು. ದಿನಾಂಕ, ವೇಳೆ, ಷಟರ್ ವೇಗ ಎಲ್ಲವೂ ಅದರೊಳಗೆ ದಾಖಲಾಗಿರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಆ ವಿವರಗಳೂ ಅಳಿಯುತ್ತವೆ, ಚಿತ್ರವೂ ಕುಗ್ಗುತ್ತದೆ. ಕಷ್ಟಪಟ್ಟು ಗಳಿಸಿದ ಸ್ಪಷ್ಟತೆ ಒಂದು ಗುಂಡಿಯೊತ್ತಿನಲ್ಲಿ ಹೋಗುತ್ತದೆ. ಪ್ರಕರಣ ನ್ಯಾಯಾಲಯಕ್ಕೆ ಹೋದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನೂ ಕೊಡಬೇಕಾಗುತ್ತದೆ. ಹೊಲದ ಸ್ಥಳ, ಬೆಳೆ, ಗಾಳಿ ಬೀಸುತ್ತಿದ್ದ ದಿಕ್ಕು, ಹಿಂದಿನ ಮಳೆ ಎಂದು ಬಿದ್ದಿತ್ತು ಎಂಬುದನ್ನು ಅಂದೇ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ರೈತನ ಹೆಸರನ್ನು ಅವನ ಒಪ್ಪಿಗೆಯಿದ್ದರೆ ಮಾತ್ರ ಸೇರಿಸಬೇಕು. ಆ ನಾಲ್ಕು ಚಿತ್ರಗಳ ಮುದ್ರಿತ ಪ್ರತಿಯೊಂದನ್ನು, ಟವೆಲ್ ಹಿಡಿದು ಗಾಳಿಗೆ ಅಡ್ಡ ನಿಂತವನಿಗೆ ಅಂಚೆಯಲ್ಲಿ ಕಳುಹಿಸಿಕೊಡಬೇಕು.